ಮೂರು ಮಾತಿನ ಚರಕ

ಥೈರಿಸ್ಟರ್ ಎಂಬ ವಸ್ತುವನ್ನು ಮೊದಲ ಸಲ ನೋಡಿದಾಗ ನಾನು ಅದನ್ನು ಬೋಲ್ಟು ಅಂದುಕೊಂಡೆ. ತಪ್ಪು ಪೂರ್ತಿ ನನ್ನದಲ್ಲ. ಅದು ಇದ್ದದ್ದೇ ಹಾಗೆ. ಕೆಳಗೆ ನಟ್ಟು ಹಾಕಿ ಬಿಗಿಯುವ ಕಾಲು, ನಡುವೆ ಆರು ಮೂಲೆಯ ಸೊಂಟ, ತಲೆಯ ಮೇಲೆ ಎರಡು ಬಾಲ, ಒಂದು ದಪ್ಪ, ಒಂದು ಸಣ್ಣ. ಸೈಕಲ್ ಅಂಗಡಿಯವನ ಕೈಗೆ ಕೊಟ್ಟಿದ್ದರೆ ಬಾಲಗಳನ್ನು ಕತ್ತರಿಸಿ ಮಡ್‌ಗಾರ್ಡಿಗೆ ಹಾಕಿಬಿಡುತ್ತಿದ್ದ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಡಿಪ್ಲೊಮಾ ಮುಗಿಸಿ ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ಮೋಟರು, ಸ್ಟಾರ್ಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ನಮ್ಮ ಫೋರ್‌ಮನ್ ಹಿಂದೂಪುರದ ಕಡೆಯವರು. ಕನ್ನಡದಲ್ಲಿ ಶುರುಮಾಡಿದ ಮಾತು ಅವರಿಗೆ ಇಷ್ಟವಾಗತೊಡಗಿದರೆ ಅರ್ಧದಲ್ಲೇ ತೆಲುಗಾಗುತ್ತಿತ್ತು. ಒಂದು ದಿನ ಆ ಬೋಲ್ಟನ್ನು ಮೇಜಿನ ಮೇಲೆ ಇಟ್ಟು, "ಇದು ಬಾಗಿಲು ಕಣಪ್ಪ," ಎಂದರು.

"ಈ ಸಣ್ಣ ಬಾಲ ಐತಲ್ಲ, ಇದು ಗೇಟು. ಇದಕ್ಕೆ ಒಂದು ಚಿಟಿಕೆ ಕರೆಂಟು ಕೊಟ್ರೆ ಬಾಗಿಲು ತೆಗಿತದೆ, ದೊಡ್ಡ ಕರೆಂಟು ನುಗ್ತದೆ. ಆಮೇಲೆ ಗೇಟಿನ ಮಾತು ಕೇಳಲ್ಲ. ನೀನು ಗೇಟಿನ ಕರೆಂಟು ತೆಗೆದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಒಕಸಾರಿ ಪಟ್ಟುಕುಂಟೆ ವದಲದು."

ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂದರ್ಥ. ಹಾಗಾದರೆ ಬಾಗಿಲು ಮುಚ್ಚುವವರು ಯಾರು ಎಂದು ಕೇಳಿದೆ.

"ಕರೆಂಟೇ ಮುಚ್ಕೊಳ್ತದೆ. ಮನೆ ಕರೆಂಟು ಏರಿ ಇಳಿದು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರ್ತದಲ್ಲ, ಆಗ ಬಾಗಿಲು ತಾನೇ ಬೀಳ್ತದೆ. ಮತ್ತೆ ತೆಗಿಬೇಕು ಅಂದ್ರೆ ಮತ್ತೆ ಗೇಟು ತಟ್ಟಬೇಕು."

ಅವರು ಹೇಳಿದ ಉಪಾಯ ಇಷ್ಟು. ಕರೆಂಟಿನ ಅಲೆ ಏಳುತ್ತಿದ್ದಂತೆಯೇ ಗೇಟು ತಟ್ಟಿದರೆ ಅಲೆ ಪೂರ್ತಿ ದಾಟುತ್ತದೆ, ಮೋಟರು ಜೋರಾಗಿ ಓಡುತ್ತದೆ. ಅಲೆಯ ನೆತ್ತಿ ದಾಟಿದ ಮೇಲೆ ತಟ್ಟಿದರೆ ಉಳಿದ ಚೂರು ಮಾತ್ರ ದಾಟುತ್ತದೆ, ಮೋಟರು ನಿಧಾನವಾಗುತ್ತದೆ. ತಡ ಮಾಡುವುದೇ ಇಲ್ಲಿನ ಕಸುಬು. ನಮ್ಮ ಹಿಪ್ಪುನೇರಳೆ ತೋಟಕ್ಕೆ ದಾಯಾದಿಗಳ ಜೊತೆ ಸರದಿಯ ಮೇಲೆ ಬಾವಿ ನೀರು ಬರುತ್ತಿದ್ದುದರಿಂದ ನನಗಿದು ತಕ್ಷಣ ಅರ್ಥವಾಯಿತು. ಹಳೆಯ ರೆಗ್ಯುಲೇಟರು ಕಾಲುವೆಯನ್ನು ಕಿರಿದು ಮಾಡುತ್ತಿತ್ತು. ಇದು ಕಾಲುವೆಯನ್ನು ಮುಟ್ಟುವುದಿಲ್ಲ, ನಿಮ್ಮ ಸರದಿಯನ್ನು ಕಿರಿದು ಮಾಡುತ್ತದೆ. ಕಾಲುವೆ ಕಿರಿದು ಮಾಡಿದರೆ ನುಗ್ಗಲಾರದ ಕರೆಂಟು ಅಲ್ಲೇ ಬಿಸಿಯಾಗಿ ಹಾಳಾಗುತ್ತದೆ. ನಮ್ಮ ಆಫೀಸಿನ ಫ್ಯಾನಿನ ರೆಗ್ಯುಲೇಟರ್ ಮೇಲೆ ಬೆಳಗ್ಗೆ ಬುತ್ತಿ ಇಟ್ಟರೆ ಮಧ್ಯಾಹ್ನಕ್ಕೆ ಬೆಚ್ಚಗಿರುತ್ತಿತ್ತು. ಆ ರೆಗ್ಯುಲೇಟರಿನ ಒಳ್ಳೆಯ ಗುಣ ಅದೊಂದೇ.

ಥೈರಿಸ್ಟರಿಗೆ ಒಂದು ಊನವಿತ್ತು. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಕರೆಂಟು ಹೋಗುವಾಗ ಬಾಗಿಲು ತೆರೆದರೂ, ತಿರುಗಿ ಬರುವಾಗ ಗೋಡೆ. ಹಾಗಾಗಿ ಒಂದನ್ನೇ ಹಾಕಿದರೆ ಮೋಟರಿಗೆ ಎಷ್ಟು ಮಾಡಿದರೂ ಅರ್ಧವೇ ಸಿಗುವುದು. ಎರಡು ಕಡೆಗೂ ಬಿಡುವ ಒಂದು ಬಂದಿದೆಯಂತೆ, ಹೆಸರು ಟ್ರಯಾಕ್ ಅಂತೆ ಎಂದರು ಫೋರ್‌ಮನ್. ನೋಡಿದ್ದೀರಾ ಸಾರ್ ಎಂದು ಕೇಳಿದೆ. "ದೇವರನ್ನ ನೋಡಿದೀಯಾ ನೀನು?" ಎಂದರು.

ಯಾವುದೋ ಪ್ಯಾನಲ್ಲಿಗೆ ತರಿಸಿದ್ದರಲ್ಲಿ ಮೇಜಿನ ಮೇಲಿದ್ದ ಆ ಥೈರಿಸ್ಟರ್ ಒಂದು ಉಳಿದಿತ್ತು. ನನ್ನ ಮುಖದಲ್ಲಿ ಏನು ಕಂಡರೋ, ತೆಗೆದುಕೊಂಡು ಹೋಗಿ ಏನಾದರೂ ಮಾಡು ಎಂದು ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು.

"ದಪ್ಪ ಅಲ್ಯೂಮಿನಿಯಂ ತಗಡಿಗೆ ಬಿಗಿ. ತಗಡಿಗೆ ಗಾಳಿ ಆಡಬೇಕು. ಉಸಿರು ಕಟ್ಟಿದ್ರೆ ಸಾಯ್ತದೆ. ಇದು ಸಾಯೋವಾಗ ಬಾಗಿಲು ಮುಚ್ಕೊಂಡು ಸಾಯಲ್ಲ, ತೆಗೆದಿಟ್ಟು ಸಾಯ್ತದೆ. ನೆನಪಿಟ್ಕೋ."

ನಾನು ನೆನಪಿಟ್ಟುಕೊಂಡೆ. ಇನ್ನೊಬ್ಬರಿಗೆ ಹೇಳಬೇಕು ಎಂದು ಅವರು ಹೇಳಿರಲಿಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರಬೇಕು. ನಮ್ಮದು ಶಿಡ್ಲಘಟ್ಟ. ಹಿತ್ತಿಲಿನ ಕೊಟ್ಟಿಗೆಯಲ್ಲಿ ಒಂದು ಚರಕವಿತ್ತು. ಒಂದು ಕಡೆ ಒಲೆ, ಅದರ ಮೇಲೆ ಬಾಣಲೆ, ಬಾಣಲೆಯ ಬಿಸಿನೀರಿನಲ್ಲಿ ಕುಣಿಯುವ ರೇಷ್ಮೆಗೂಡು. ಅದರ ಮುಂದೆ ಅಮ್ಮ ಕೂತು, ಕಡ್ಡಿಯಲ್ಲಿ ಗೂಡು ಕೆದಕಿ, ಎಳೆಗಳನ್ನು ಹಿಡಿದು ಕೂಡಿಸಿ ಬಿಡುತ್ತಿದ್ದಳು. ಎರಡು ಮಾರು ಆಚೆ ದೊಡ್ಡ ಚಕ್ರ. ಅದನ್ನು ತಿರುಗಿಸಿ ನೂಲು ಸುತ್ತಿಕೊಳ್ಳುತ್ತಿದ್ದವಳು ದೊಡ್ಡಮ್ಮ, ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಮೊದಲು ಬಾಣಲೆಯ ಮುಂದೆ ಕೂರುತ್ತಿದ್ದವಳು ದೊಡ್ಡಮ್ಮನೇ. ಕಣ್ಣಿಗೆ ಪೊರೆ ಬಂದು ಎಳೆ ಕಾಣದಾದ ಮೇಲೆ ಇಬ್ಬರೂ ಜಾಗ ಬದಲಾಯಿಸಿಕೊಂಡರು.

ಚರಕದ ಕೆಲಸದಲ್ಲಿ ವೇಗವೇ ಎಲ್ಲ. ಎಳೆ ಸಲೀಸಾಗಿ ಬರುತ್ತಿದ್ದರೆ ಚಕ್ರ ಜೋರಾಗಿ ತಿರುಗಬೇಕು. ಒಂದು ಗೂಡು ಮುಗಿದು ಇನ್ನೊಂದರ ಎಳೆ ಸೇರಿಸುವಾಗ ಮೆಲ್ಲಗೆ ತಿರುಗಬೇಕು. ಸಿಕ್ಕಾದರೆ ನಿಲ್ಲಬೇಕು. ಅದು ಗೊತ್ತಾಗುವುದು ಬಾಣಲೆಯ ಮುಂದಿರುವವಳಿಗೆ, ತಿರುಗಿಸುವ ಕೈ ಇರುವುದು ಆಚೆ. ಆದ್ದರಿಂದ ಬಾಣಲೆಯವಳು ಹೇಳುತ್ತಿರಬೇಕು, ಚಕ್ರದವಳು ಕೇಳುತ್ತಿರಬೇಕು. ಹೇಳುವುದಕ್ಕೆ ಮೂರೇ ಮಾತು: ತಿರುಗ್ಸು, ಮೆಲ್ಲಗೆ, ತಡಿ.

ನಮ್ಮ ಮನೆಯಲ್ಲಿ ಆ ಇಬ್ಬರ ನಡುವೆ ಉಳಿದಿದ್ದ ಮಾತೂ ಆ ಮೂರೇ.

ಜಗಳದ ಕಾರಣ ಒಬ್ಬಟ್ಟು. ದೊಡ್ಡಮ್ಮನ ಮಗಳನ್ನು ನೋಡಲು ಚಿಂತಾಮಣಿ ಕಡೆಯಿಂದ, ಅಂಬಾಜಿದುರ್ಗದ ಪಕ್ಕದ ಹಳ್ಳಿಯಿಂದ, ಗಂಡಿನ ಕಡೆಯವರು ಬಂದಿದ್ದರು. ಎಲೆಯ ಮುಂದೆ ಕೂತು, ಒಬ್ಬಟ್ಟು ಮಾಡಿದ್ದು ಯಾರು ಎಂದು ಕೇಳಿದರು. ದೊಡ್ಡಮ್ಮ, "ನಮ್ಮ ಹುಡುಗೀನೇ," ಎಂದಳು. ಅದೇ ಹೊತ್ತಿಗೆ ಒಳಗಿನಿಂದ ತುಪ್ಪ ತಂದ ಅಮ್ಮ, ಅದನ್ನು ಕೇಳಿಸಿಕೊಳ್ಳದೆ, "ನಾನೇ ಮಾಡಿದ್ದು, ಇನ್ನೊಂದು ಹಾಕ್ಲಾ?" ಎಂದಳು. ಗಂಡಿನ ಕಡೆಯವರು ಇನ್ನೊಂದು ಹಾಕಿಸಿಕೊಂಡರು. ಹುಡುಗಿಯನ್ನೂ ಒಪ್ಪಿದರು. ಮದುವೆಯಾಯಿತು, ಮಕ್ಕಳಾದವು, ಆ ಮಕ್ಕಳು ಶಾಲೆಗೂ ಸೇರಿದವು. ನಮ್ಮ ಮನೆಯಲ್ಲಿ ಮಾತು ಮಾತ್ರ ಆಗಲಿಲ್ಲ. ಅಮ್ಮ ಬೇಕೆಂದೇ ಮರ್ಯಾದೆ ಕಳೆದಳು ಎಂದು ದೊಡ್ಡಮ್ಮ. ಬೇಕೆಂದು ಮಾಡಲಿಲ್ಲ ಎಂದು ನಾನಾಗಿ ಹೋಗಿ ಯಾಕೆ ಹೇಳಲಿ ಎಂದು ಅಮ್ಮ. ಹೀಗೆ ಹನ್ನೊಂದು ವರ್ಷ.

ಮನೆ ನಡೆಯಬೇಕಲ್ಲ, ಅದಕ್ಕೆ ನಡುಮನೆಯ ಕಂಬವಿತ್ತು. "ರಾಗಿ ಹಿಟ್ಟು ಮುಗಿದದೆ," ಎಂದು ಅಮ್ಮ ಕಂಬಕ್ಕೆ ಹೇಳುವಳು. "ನಾಳೆ ಬೀಸಿದ್ರಾಯ್ತು," ಎಂದು ದೊಡ್ಡಮ್ಮ ಅದೇ ಕಂಬಕ್ಕೆ ಆಚೆ ಕಡೆಯಿಂದ ಹೇಳುವಳು. ಅಪ್ಪ ಆ ಕಂಬಕ್ಕೆ ಒರಗಿ ಕೂರುವುದನ್ನೇ ಬಿಟ್ಟುಬಿಟ್ಟಿದ್ದ.

ಕೊಟ್ಟಿಗೆಯಲ್ಲಿ ಕಂಬಕ್ಕೆ ಹೇಳಿದರೆ ಚಕ್ರ ತಿರುಗುವುದಿಲ್ಲ. ಅಲ್ಲಿ ನೇರ ಹೇಳಲೇಬೇಕು. ಹಿಂದೆ ಅಮ್ಮ "ತಡಿ ಅಕ್ಕಾ" ಎನ್ನುತ್ತಿದ್ದದ್ದು ನನಗೆ ನೆನಪಿದೆ. ಒಬ್ಬಟ್ಟಿನ ದಿನದಿಂದ ಅಕ್ಕ ಉದುರಿಹೋಗಿ ತಡಿ ಮಾತ್ರ ಉಳಿಯಿತು. ದೊಡ್ಡಮ್ಮ ಉತ್ತರ ಕೊಡುತ್ತಿರಲಿಲ್ಲ. ಚಕ್ರವೇ ಅವಳ ಉತ್ತರ. ಬೆಳಗಿನಿಂದ ಮೂರು ಗಂಟೆಯವರೆಗೆ ಆ ಮೂರು ಮಾತು ಎಷ್ಟು ಸಲ ಬರುತ್ತಿತ್ತೋ ಲೆಕ್ಕವಿಟ್ಟವರಿಲ್ಲ. ನಾನು ಅದನ್ನು ಗಮನಿಸಿದವನೇ ಅಲ್ಲ. ಒಲೆಯ ಹೊಗೆಯ ಹಾಗೆ ಅದೂ ಕೊಟ್ಟಿಗೆಯಲ್ಲಿ ಇರುವಂಥದ್ದು ಅಂದುಕೊಂಡಿದ್ದೆ.

ನಾನು ಗಮನಿಸಿದ್ದು ದೊಡ್ಡಮ್ಮನ ಭುಜವನ್ನು. ಸಂಜೆ ಹರಳೆಣ್ಣೆ ಹಚ್ಚಿಕೊಂಡು ಗೋಡೆಗೆ ಉಜ್ಜಿಕೊಳ್ಳುತ್ತಿದ್ದಳು. ಯಾರಿಗೂ ಹಚ್ಚು ಎನ್ನುತ್ತಿರಲಿಲ್ಲ. ಬೋಲ್ಟು ಕೈಗೆ ಬಂದ ದಿನವೇ ನನಗೆ ಅವಳ ಭುಜ ನೆನಪಾಯಿತು. ಇದನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತಿದ್ದೇನೆ, ಮುಂದೆ ನನ್ನ ಪರವಾಗಿ ಹೇಳಿಕೊಳ್ಳಲು ಹೆಚ್ಚೇನೂ ಇಲ್ಲ.

ಗುಜರಿಯಲ್ಲಿ ಒಂದು ಹೊಲಿಗೆ ಯಂತ್ರದ ಮೋಟರು ಹುಡುಕಿದೆ. ಎಲ್ಲ ಮೋಟರೂ ಈ ವ್ಯವಸ್ಥೆಗೆ ಒಗ್ಗುವುದಿಲ್ಲ, ಒಳಗೆ ಕಾರ್ಬನ್ ಬ್ರಷ್ ಇರುವಂಥದ್ದು ಬೇಕು. ಥೈರಿಸ್ಟರನ್ನು ಅಲ್ಯೂಮಿನಿಯಂ ತಗಡಿಗೆ ಬಿಗಿದು, ಕರೆಂಟು ತುಂಬಿಕೊಳ್ಳುವ ಒಂದು ಕಂಡೆನ್ಸರು, ಒಂದೆರಡು ರೆಸಿಸ್ಟೆನ್ಸು, ರೇಡಿಯೋದಿಂದ ಬಿಚ್ಚಿದ, ದನಿ ಏರಿಸಿ ಇಳಿಸುವ ಒಂದು ತಿರುಪು ಸೇರಿಸಿ ಮರದ ಪೆಟ್ಟಿಗೆಯಲ್ಲಿ ಕೂರಿಸಿದೆ. ತಿರುಪನ್ನು ಎಡಕ್ಕೆ ತಿರುಗಿಸಿದರೆ ಕಂಡೆನ್ಸರು ತುಂಬಲು ಹೊತ್ತು ಹಿಡಿಯುತ್ತದೆ, ಗೇಟು ತಟ್ಟುವುದು ತಡವಾಗುತ್ತದೆ. ಬಲಕ್ಕೆ ತಿರುಗಿಸಿದರೆ ಬೇಗ ತುಂಬುತ್ತದೆ, ಬೇಗ ತಟ್ಟುತ್ತದೆ. ತಗಡು ಪೆಟ್ಟಿಗೆಯ ನೆತ್ತಿಯ ಮೇಲೆ, ಗಾಳಿಗೆ ತೆರೆದುಕೊಂಡಿತ್ತು.

ಭಾನುವಾರ ಬೆಳಗ್ಗೆ ಚಿಕ್ಕಬಳ್ಳಾಪುರದವರೆಗೆ ಬಸ್ಸು, ಅಲ್ಲಿಂದ ಸಣ್ಣ ರೈಲು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ರೈಲಿನಲ್ಲಿ ಎದುರು ಕೂತಿದ್ದವರು ಹಾರ್ಮೋನಿಯಂ ಕಲಿಯುತ್ತೀಯಾ ಎಂದು ಕೇಳಿದರು. ಹೂಂ ಎಂದೆ. ಥೈರಿಸ್ಟರ್ ವಿವರಿಸುವಷ್ಟು ದೂರ ಆ ರೈಲು ಹೋಗುತ್ತಿರಲಿಲ್ಲ.

ಮೊದಲು ಒಂದು ಬಲ್ಬು ಹಾಕಿ ತೋರಿಸಿದೆ. ತಿರುಪು ತಿರುಗಿಸಿದಂತೆ ಬಲ್ಬು ಕೆಂಪಗೆ ಮಂಕಾಯಿತು, ಮತ್ತೆ ಹಿಗ್ಗಿತು. ಅಪ್ಪ ಸ್ವಲ್ಪ ಹೊತ್ತು ನೋಡಿ, "ಇದು ನಮ್ಮೂರಲ್ಲಿ ಸಾಯಂಕಾಲ ತಾನೇ ಆಗ್ತದಲ್ಲಪ್ಪ," ಎಂದ. ದೊಡ್ಡಮ್ಮ ಬಲ್ಬಿನ ಹತ್ತಿರ ಮುಖ ತಂದು, "ಇದಕ್ಕೂ ನನ್ನಂಗೆ ಪೊರೆ ಬಂತಾ?" ಎಂದಳು. ಅಮ್ಮ ನೋಡಿದ್ದು ಬಲ್ಬನ್ನಲ್ಲ, ನಾನು ಬಿಚ್ಚಿ ಮೂಲೆಗೆ ಒರಗಿಸಿದ್ದ ಚಕ್ರದ ಹಿಡಿಯನ್ನು.

ಮಧ್ಯಾಹ್ನದ ಹೊತ್ತಿಗೆ ಮೋಟರು ಬೆಲ್ಟಿನಲ್ಲಿ ಚಕ್ರ ತಿರುಗಿಸತೊಡಗಿತು. ತಿರುಪನ್ನು ಅಮ್ಮನ ಬಲಗೈಯ ಪಕ್ಕದಲ್ಲಿ, ಬಾಣಲೆಯ ಕಟ್ಟೆಗೆ ಹೊಡೆದ ಹಲಗೆಯಲ್ಲಿ ಕೂರಿಸಿದ್ದೆ. ಅವಳಿಗೆ ಮೆಲ್ಲಗೆ ಬೇಕಾದರೆ ಅವಳೇ ತಿರುಗಿಸಿಕೊಳ್ಳಬಹುದು. ನಿಲ್ಲಬೇಕಾದರೆ ಅವಳೇ ನಿಲ್ಲಿಸಬಹುದು. ಹೇಳುವುದು, ಇನ್ನೊಬ್ಬರು ಕೇಳುವುದು, ಆಮೇಲೆ ಮಾಡುವುದು ಎಂಬ ವ್ಯರ್ಥ ಹಾದಿಯೇ ಇಲ್ಲ. ಎಂಜಿನಿಯರಿಂಗ್ ಅಂದರೆ ಇದು ಎಂದು ನನಗೆ ಹೆಮ್ಮೆಯಾಯಿತು. ಹಿಗ್ಗಿನಲ್ಲಿ ಮೂರು ಮುದ್ದೆ ಉಂಡೆ.

ಮುಂದಿನ ಭಾನುವಾರ ಬಂದಾಗ ನೂಲು ಸಮನಾಗಿ ಬರುತ್ತಿದೆ ಎಂದು ಅಪ್ಪ ಹೇಳಿದ. ಕೊಟ್ಟಿಗೆಯಲ್ಲಿ ಮೋಟರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ದೊಡ್ಡಮ್ಮ ತನ್ನ ಮಣೆಯ ಮೇಲೆ, ಚಕ್ರದ ಪಕ್ಕದಲ್ಲಿ, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಏನು ಮಾಡ್ತಿದ್ದೀಯಾ ದೊಡ್ಡಮ್ಮ ಎಂದೆ. "ಕೂತಿದೀನಿ," ಎಂದಳು.

ಅದರ ಮುಂದಿನ ವಾರ ಮಣೆ ಖಾಲಿಯಿತ್ತು. ದೊಡ್ಡಮ್ಮ ಅಂಗಳದಲ್ಲಿ ಹುರುಳಿಯ ಕಲ್ಲು ಆರಿಸುತ್ತಿದ್ದಳು. ಆ ಹುರುಳಿಯನ್ನು ಹಿಂದಿನ ವಾರವೇ ಆರಿಸಿ ಆಗಿತ್ತು. ಅಮ್ಮ ಬಾಣಲೆಯ ಮುಂದೆ ಎಳೆ ಸೇರಿಸುತ್ತಿದ್ದವಳು, ಒಂದು ಗೂಡು ಸಿಕ್ಕಾದಾಗ, "ತ..." ಎಂದು ಬಾಯಿ ತೆರೆದು, ಮುಚ್ಚಿಕೊಂಡು, ಕೈ ಚಾಚಿ ತಿರುಪು ತಿರುಗಿಸಿದಳು. ಆ ಅರ್ಧ ಮಾತು ಕೇಳಿದಾಗ, ತಿರುಪು ಬಿಗಿಯಾಗಿದೆ ಅಂದುಕೊಂಡು ಹೋಗಿ ಸ್ವಲ್ಪ ಸಡಿಲ ಮಾಡಿಕೊಟ್ಟೆ.

ಅದರ ಮುಂದಿನ ವಾರ ದೊಡ್ಡಮ್ಮ ತನ್ನ ಟ್ರಂಕಿಗೆ ಸೀರೆ ತುಂಬುತ್ತಿದ್ದಳು.

"ಮಗಳು ಕರೀತಾವ್ಳೆ ಕಣಪ್ಪ. ಹೋಗಿ ಅಲ್ಲೇ ಇದ್ಬಿಡ್ತೀನಿ."

"ಎಷ್ಟು ದಿನಕ್ಕೆ ದೊಡ್ಡಮ್ಮ?"

"ದಿನ ಏನ್ ಬಂತು. ಇಲ್ಲಿ ನಂಗೇನು ಕೆಲ್ಸ ಐತೆ?"

"ಭುಜ ನೋವು ಅಂತಿದ್ಯಲ್ಲ, ಅದಕ್ಕೆ ತಾನೇ ನಾನು ಮೋಟರು..."

"ಭುಜ ಈಗ ನೋಯಲ್ಲ," ಎಂದಳು. ಅದನ್ನು ದೂರಿನ ಹಾಗೆ ಹೇಳಿದಳು. ಆಮೇಲೆ ಟ್ರಂಕಿನ ಕಡೆ ನೋಡುತ್ತಲೇ, "ಮೊದ್ಲು ಸಾಯಂಕಾಲದೊಳಗೆ ನನ್ನ ಹತ್ರ ಯಾರಾದ್ರೂ ನಾಲ್ಕು ಮಾತಾಡೋರು," ಎಂದಳು.

ಆಗ ನನಗೆ ಗೊತ್ತಾಯಿತು. ಹನ್ನೊಂದು ವರ್ಷದ ಮುನಿಸಿನಲ್ಲಿ ಆ ಇಬ್ಬರು ಒಂದೇ ಒಂದು ಕಿಂಡಿ ಬಿಟ್ಟುಕೊಂಡಿದ್ದರು. ಬೇಕೆಂದು ಬಿಟ್ಟಿದ್ದಲ್ಲ, ಚರಕದ ಕೆಲಸ ಹಾಗಿದ್ದುದರಿಂದ ಉಳಿದಿತ್ತು. ನಾನು ಡಿಪ್ಲೊಮಾ ಓದಿ, ಫಾರಿನ್ ಬೋಲ್ಟು ತಂದು, ಅದನ್ನು ಮುಚ್ಚಿದ್ದೆ. ದೊಡ್ಡಮ್ಮ ಹೋದರೆ ಮತ್ತೆ ಬರುವವಳಲ್ಲ. ನನಗೆ ಎರಡು ಕೈಯಲ್ಲೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮೋಟರು ಬಿಚ್ಚಿ ಹಿಡಿ ಹಾಕಿಬಿಡೋಣವೆಂದು ಕೊಟ್ಟಿಗೆಗೆ ಹೋದೆ.

ಅಮ್ಮ ಬಾಣಲೆಯ ಮುಂದಿನಿಂದ ಎದ್ದು ನಿಂತಿದ್ದಳು. ಕೊಟ್ಟಿಗೆಗೂ ದೊಡ್ಡಮ್ಮನ ಕೋಣೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಟ್ರಂಕಿನ ಚಿಲಕ ಬಡಿಯುವುದು ಇಲ್ಲಿಗೆ ಕೇಳುತ್ತಿತ್ತು.

"ಈ ತಿರುಪನ್ನ ಇಲ್ಲಿಂದ ತೆಗಿ," ಎಂದಳು ಅಮ್ಮ. ನಾನು ಒಂದು ಮೊಳ ದೂರದಲ್ಲಿದ್ದೆ, ಅವಳು ಒಂದು ಹೊಲದ ಆಚೆ ಇರುವವನಿಗೆ ಹೇಳುವ ಹಾಗೆ ಹೇಳಿದಳು.

"ಯಾಕಮ್ಮ, ಕೆಟ್ಟಿದ್ಯಾ?"

"ಬೆಳಗಿಂದ ಸಂಜೆವರ್ಗೂ ನನ್ನ ಕೈ ಒದ್ದೆ. ಒದ್ದೆ ಕೈಲಿ ಕರೆಂಟು ಮುಟ್ಟು ಅಂತ ಯಾವ ಸ್ಕೂಲಲ್ಲಿ ಹೇಳ್ಕೊಟ್ರು ನಿಂಗೆ?"

ತಿರುಪಿಗೆ ಕರೆಂಟು ಹಾಯದ ಬೇಕಲೈಟಿನ ಗುಂಡಿ ಇತ್ತು, ಅದು ನಿಜ. ಆದರೆ ಸದಾ ನೀರಿನಲ್ಲಿರುವ ಕೈಯ ಪಕ್ಕಕ್ಕೆ ಮನೆ ಕರೆಂಟು ತಂದು ಇಟ್ಟಿದ್ದೆ, ಅದೂ ನಿಜ. ಮೂರು ವರ್ಷ ಓದಿದ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು.

"ಎಲ್ಲಿಗೆ ಹಾಕ್ಲಿ?"

ಗೂಡು ಕೆದಕುವ ಕಡ್ಡಿಯಿಂದ ಚಕ್ರದ ಪಕ್ಕದ ಮಣೆಯ ಕಡೆ ತೋರಿಸಿದಳು. "ಅಲ್ಲಿಗೆ."

"ಅಲ್ಲಿಗೆ ಹಾಕಿದ್ರೆ ನಿಂಗೆ ಎಟುಕಲ್ಲಮ್ಮ. ವೇಗ ಎಷ್ಟು ಬೇಕು ಅಂತ ಗೊತ್ತಾಗೋದು ನಿಂಗೆ. ತಿರುಪು ನಿನ್ನ ಹತ್ರಾನೇ ಇರ್ಬೇಕು. ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

ನನ್ನ ಮೂರ್ಖತನಕ್ಕೆ ಅಷ್ಟು ಬೇಗ ಔಷಧ ಹತ್ತಲಿಲ್ಲ ಎಂಬುದಕ್ಕೆ ಈ ಮಾತೇ ಸಾಕ್ಷಿ. ಅಮ್ಮ ನನ್ನನ್ನು ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಹೇಳಿದಳು.

"ಒಣಗಿದ ಕೈಯವರು ಯಾರಾದ್ರೂ ಈ ಮನೇಲಿದ್ರೆ ತಿರುಗಿಸ್ತಾರೆ. ಇಲ್ದಿದ್ರೆ ಚರಕ ಹಂಗೇ ಬಿದ್ದಿರ್ಲಿ."

ಗೋಡೆಯ ಆಚೆ ಚಿಲಕದ ಸದ್ದು ನಿಂತಿತು.

ಉದ್ದ ವೈರು ಎಳೆದು ಪೆಟ್ಟಿಗೆಯನ್ನೂ ತಿರುಪನ್ನೂ ಚಕ್ರದ ಪಕ್ಕಕ್ಕೆ ಸಾಗಿಸಿದೆ. ಅರ್ಧ ಗಂಟೆಯ ಕೆಲಸ. ಮುಗಿಯುವ ಹೊತ್ತಿಗೆ ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ಬಂದು ಮಣೆಯ ಮೇಲೆ ಕೂತಳು. ಸೆರಗಿನಿಂದ ಕೈಗಳನ್ನು ಒರೆಸಿಕೊಂಡಳು, ಒಂದೊಂದೇ ಬೆರಳು, ಎಲ್ಲರಿಗೂ ಕಾಣುವ ಹಾಗೆ. ಆಮೇಲೆ ಗುಂಡಿಯ ಮೇಲೆ ಕೈಯಿಟ್ಟು ಕಾದಳು.

"ತಿರುಗ್ಸು," ಎಂದಳು ಅಮ್ಮ.

ಪ್ರಪಂಚದಲ್ಲಿ ಎಲ್ಲಿಯೂ ವೇಗದ ತಿರುಪನ್ನು ವೇಗ ಬೇಕಾದವರ ಕೈಗೆ ಎಟುಕದ ಹಾಗೆ ಇಟ್ಟಿರಲಾರರು. ನಾನು ಇಟ್ಟೆ. ಗೌರಿಬಿದನೂರಿಗೆ ಹೋಗಿ ಫೋರ್‌ಮನ್‌ಗೆ ಹೇಳಿದಾಗ, ವೈರು ಉದ್ದವಾದರೆ ನಷ್ಟವಲ್ಲವೇ ಎಂದರು. ಹೌದು ಸಾರ್ ಎಂದೆ.

ದೊಡ್ಡಮ್ಮ ಆ ಪೆಟ್ಟಿಗೆಯನ್ನು ತನ್ನದು ಮಾಡಿಕೊಂಡಳು. ಬೆಳಗ್ಗೆ ಎದ್ದು ಮೊದಲು ಅದರ ಧೂಳು ಒರೆಸುವಳು. ಶುಕ್ರವಾರ ಕುಂಕುಮ ಇಡುವಳು. ಆಯುಧಪೂಜೆಗೆ ಅರಿಸಿನ ಹಚ್ಚಿ ಚೆಂಡುಹೂವಿನ ಹಾರ ಹಾಕಿದಳು. ಹಬ್ಬ ಕಳೆದ ಮೇಲೆ, ಒಲೆಯ ಮಸಿ, ಬಾಣಲೆಯ ಹಬೆ ತಾಗಿ ಹಾಳಾಗದಿರಲಿ ಎಂದು, ತನ್ನ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಹೊಲಿದು ಒಂದು ಪುಟ್ಟ ಕೌದಿ ಮಾಡಿ ನೆತ್ತಿಯ ತಗಡಿನ ಮೇಲೆ ಹೊದಿಸಿದಳು. ಆ ಭಾನುವಾರ ನಾನು ಅದನ್ನು ನೋಡಿದೆ. ಫೋರ್‌ಮನ್ ಹೇಳಿದ ಉಸಿರಿನ ಮಾತು ನೆನಪಾಯಿತು. ಹೇಳಬೇಕು ಅಂದುಕೊಂಡೆ. ಅವಳು ಆ ಕೌದಿಯ ಅಂಚನ್ನು ಸರಿಮಾಡುತ್ತಿದ್ದ ರೀತಿ ನೋಡಿ ನಾಲಗೆ ಏಳಲಿಲ್ಲ. ರೈಲಿಗೂ ಹೊತ್ತಾಗಿತ್ತು. ಮುಂದಿನ ವಾರ ಹೇಳೋಣ ಎಂದುಕೊಂಡು ಹೊರಟೆ.

ಮುಂದಿನ ವಾರ ನಾನು ಹೋಗಿ ಹೇಳುವ ಮೊದಲು ಬೋಲ್ಟೇ ಹೇಳಿತು.

ಬೆಳಗ್ಗೆ ಹತ್ತು ಗಂಟೆ ಇರಬಹುದು. ನಾನು ಆಗತಾನೇ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದೆ. ಕೊಟ್ಟಿಗೆಯಿಂದ ಅಮ್ಮನ ದನಿ ಕೇಳಿತು. "ಮೆಲ್ಲಗೆ." ಮೋಟರಿನ ಸದ್ದು ಇಳಿಯಲಿಲ್ಲ, ಏರಿತು. "ಮೆಲ್ಲಗೆ," ಎಂದಳು ಮತ್ತೆ. ಸದ್ದು ಇನ್ನೂ ಏರಿತು. ನಾನು ಓಡಿದೆ.

ಚಕ್ರ ಹುಚ್ಚು ಹಿಡಿದ ಹಾಗೆ ತಿರುಗುತ್ತಿತ್ತು. ಕೌದಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಏನಾಗಿದೆ ಎಂದು ಬಾಗಿಲಲ್ಲೇ ಗೊತ್ತಾಯಿತು. ಉಸಿರು ಕಟ್ಟಿ ಸತ್ತಿದೆ, ಬಾಗಿಲು ತೆಗೆದಿಟ್ಟು ಸತ್ತಿದೆ. ಸತ್ತ ಥೈರಿಸ್ಟರಿಗೆ ಗೇಟೂ ಇಲ್ಲ, ಸರದಿಯೂ ಇಲ್ಲ, ದಿಕ್ಕೂ ಇಲ್ಲ. ಅಲ್ಲಿಯವರೆಗೆ ಅರ್ಧ ಕರೆಂಟಿನಲ್ಲೇ ಓಡಿದ್ದ ಮೋಟರಿಗೆ ಮೊದಲ ಸಲ ಹೋಗುವುದೂ ಬರುವುದೂ ಎರಡೂ ಸಿಕ್ಕಿತ್ತು. ಎಳೆಗಳೆಲ್ಲ ಕಡಿದು, ಗೂಡುಗಳು ಬಾಣಲೆಯಿಂದ ಹಾರಿ ನೆಲದ ಮೇಲೆ ಬೀಳುತ್ತಿದ್ದವು. ದೊಡ್ಡಮ್ಮ ಗುಂಡಿಯನ್ನು ಎಡಕ್ಕೆ ತಿರುಗಿಸುತ್ತಲೇ ಇದ್ದಳು. ಅದು ಇನ್ನು ತಿರುಗದ ಜಾಗಕ್ಕೆ ಬಂದಿತ್ತು. ಮೇನ್ ಸ್ವಿಚ್ಚು ಇದ್ದದ್ದು ಆ ತುದಿಯಲ್ಲಿ, ಅಮ್ಮನ ಬೆನ್ನ ಹಿಂದೆ.

"ನಿಲ್ತಾ ಇಲ್ಲ ಕಣೇ," ಎಂದಳು ದೊಡ್ಡಮ್ಮ. "ನನ್ನ ಕೈಲಿ ಆಗ್ತಾ ಇಲ್ಲ. ಮೇನ್ ತೆಗಿಯೇ."

ಅಮ್ಮ ಎದ್ದು, ಒದ್ದೆ ಕೈಯನ್ನು ಹಿಂದಕ್ಕೆ ಇಟ್ಟುಕೊಂಡು, ಇನ್ನೊಂದು ಕೈಗೆ ಒಣ ಸೆರಗು ಸುತ್ತಿ, ಮೂಲೆಯಲ್ಲಿ ಒರಗಿಸಿದ್ದ ಚಕ್ರದ ಹಳೆಯ ಮರದ ಹಿಡಿಯಿಂದ ಸ್ವಿಚ್ಚಿನ ಕೋಲನ್ನು ಕೆಳಕ್ಕೆ ಹೊಡೆದಳು. ಚಕ್ರ ಇನ್ನೂ ಹತ್ತು ಸುತ್ತು ಸುತ್ತಿ ನಿಂತಿತು.

ಅಮ್ಮ ಕೌದಿಯನ್ನು ನೋಡಿದಳು.

"ಎಷ್ಟು ಸಲ ಹೇಳೋದು ನಿಂಗೆ, ಅದಕ್ಕೆ ಬಟ್ಟೆ ಹೊದಿಸ್ಬೇಡ, ಸೆಕೆ ಆಗ್ತದೆ ಅಂತ?"

"ಯಾವಾಗ ಹೇಳಿದ್ದೆ ನೀನು?" ಎಂದಳು ದೊಡ್ಡಮ್ಮ.

ಹೇಳಿರಲಿಲ್ಲ. ಅಮ್ಮ ಹಿಡಿಯನ್ನು ಮತ್ತೆ ಮೂಲೆಗೆ ಒರಗಿಸಿದಳು.

"ಹೇಳ್ಬೇಕು ಅಂತಿದ್ದೆ ಅಕ್ಕ," ಎಂದಳು.

ನಾನು ತಗಡನ್ನು ಪರೀಕ್ಷಿಸುವ ನೆಪದಲ್ಲಿ ಬಗ್ಗಿದೆ. ಕಣ್ಣು ಉರಿಯುತ್ತಿತ್ತು, ಸುಟ್ಟ ಬಟ್ಟೆಯ ಹೊಗೆ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಅವರಿಬ್ಬರೂ ಆಗಲೇ ಒಬ್ಬಟ್ಟಿಗೆ ಹೋಗಿದ್ದರು. ಬೇಕಂತ ಅಂದಿದ್ದಲ್ಲ ಎಂದು ಅಮ್ಮ, ಹಾಗಾದರೆ ಹನ್ನೊಂದು ವರ್ಷ ಬಾಯಲ್ಲಿ ಏನಿಟ್ಟುಕೊಂಡಿದ್ದೆ ಎಂದು ದೊಡ್ಡಮ್ಮ. ಹೂರಣಕ್ಕೆ ಏಲಕ್ಕಿ ಕುಟ್ಟಿದ್ದು ತನ್ನ ಮಗಳೇ ಎಂದು ದೊಡ್ಡಮ್ಮ, ಏಲಕ್ಕಿ ಕುಟ್ಟಿದರೆ ಒಬ್ಬಟ್ಟು ಮಾಡಿದ ಹಾಗಾಯಿತಾ ಎಂದು ಅಮ್ಮ. ಅಪ್ಪ ಬಾಗಿಲಲ್ಲಿ ಬಂದು ನಿಂತು, ಕೇಳಿಸಿಕೊಂಡು, ಸದ್ದಿಲ್ಲದೆ ನಡುಮನೆಗೆ ಹೋದ. ಆಮೇಲೆ ನೋಡಿದರೆ ಕಂಬಕ್ಕೆ ಒರಗಿ ಕೂತಿದ್ದ. ಊಟಕ್ಕೆ ಯಾರೂ ಎಬ್ಬಿಸಲಿಲ್ಲ. ಮಧ್ಯಾಹ್ನವಾಯಿತು, ಮೂರು ಗಂಟೆಯಾಯಿತು, ಮಾತು ನಿಲ್ಲಲಿಲ್ಲ. ಕೊನೆಗೆ ಅನ್ನಕ್ಕೆ ನಾನೇ ಎಸರಿಟ್ಟೆ.

ಫೋರ್‌ಮನ್‌ಗೆ ಸತ್ತ ಬೋಲ್ಟನ್ನು ಕೊಂಡುಹೋಗಿ ತೋರಿಸಿದೆ. ಗಾಳಿ ಆಡಬೇಕು ಅಂತ ಹೇಳಿರಲಿಲ್ಲವೇ ಎಂದು ಬೈದರು. ಮನೆಯವರಿಗೆ ಹೇಳಲು ಮರೆತೆ ಎಂದೆ. ಬಹಳ ದಿನ ಕಾಡಿದ ಮೇಲೆ ಇನ್ನೊಂದನ್ನು ಎಲ್ಲಿಂದಲೋ ತರಿಸಿಕೊಟ್ಟರು. ಅಲ್ಲಿಯವರೆಗೆ ದೊಡ್ಡಮ್ಮ ಹಿಡಿಯನ್ನೇ ತಿರುಗಿಸಿದಳು. ಸಂಜೆ ಅವಳ ಭುಜಕ್ಕೆ ಹರಳೆಣ್ಣೆ ಹಚ್ಚುತ್ತಿದ್ದವಳು ಅಮ್ಮ.

ಹೊಸದನ್ನು ಕೂರಿಸಲು ಹೋದ ದಿನ, ಈಗಲಾದರೂ ಸರಿಯಾಗಿ ಮಾಡೋಣ ಎಂದುಕೊಂಡೆ. ತಿರುಪಿಗೆ ರಬ್ಬರಿನ ಹೊದಿಕೆ, ಭೂಮಿಗೆ ಬೇರೆ ವೈರು, ಒದ್ದೆ ಕೈಯಲ್ಲಿ ಮುಟ್ಟಿದರೂ ಅಪಾಯವಿಲ್ಲದ ಹಾಗೆ ಎಲ್ಲ ಸಿದ್ಧಮಾಡಿಕೊಂಡು ಬಂದಿದ್ದೆ. ಇದನ್ನೆಲ್ಲ ಅಮ್ಮನಿಗೆ ವಿವರಿಸಿ, "ಈಗ ಬಾಣಲೆ ಹತ್ರಾನೇ ಹಾಕಬಹುದು. ಯಾವ ಕಡೆ ಹಾಕ್ಲಿ?" ಎಂದು ಕೇಳಿದೆ.

"ಅಲ್ಲೇ ಇರ್ಲಿ," ಎಂದಳು ಅಮ್ಮ. "ಅಕ್ಕನ ಕೈ ಒಣಗಿರ್ತದೆ."

ದೊಡ್ಡಮ್ಮ ಆಗತಾನೇ ಪಾತ್ರೆ ತೊಳೆದು ಬಂದು ಮಣೆಯ ಮೇಲೆ ಕೂತಿದ್ದಳು. ಎರಡು ಕೈಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.